‘ಟೆಂಟರ್‌ಹುಕ್ಸ್’ ಎಂಬ ಆಂಗ್ಲ ನುಡಿಗಟ್ಟಿನ ಪೂರ್ವಚರಿತ್ರೆ

ಭಾಷೆಯಲ್ಲಿ ಬಳಕೆಯಾಗುತ್ತಿರುವ ನುಡಿಗಟ್ಟುಗಳಲ್ಲಿ ಅನೇಕವು ಒಂದೊಂದು ಕಸುಬಿನ ಮನೆಯಲ್ಲಿ ಹುಟ್ಟಿ, ಆ ಕಸುಬು ಕಣ್ಮರೆಯಾದ ಮೇಲೆಯೂ ಜನರ ನಾಲಗೆಯ ಮೇಲೆ ಉಳಿದುಬಂದವುಗಳಾಗಿವೆ. ಕನ್ನಡದಲ್ಲಿ ಒಂದು ಸಂಗತಿಯು ಮತ್ತೊಂದರಲ್ಲಿ ಬೇರ್ಪಡಿಸಲಾಗದಂತೆ ಬೆರೆತಿದ್ದರೆ ಅದನ್ನು ‘ಹಾಸುಹೊಕ್ಕಾಗಿದೆ’ ಎನ್ನುವರು. ಹಾಗೆನ್ನುವವರಲ್ಲಿ ಮಗ್ಗದ ಮುಂದೆ ನಿಂತು ಉದ್ದನೆಯ ಹಾಸನ್ನೂ ಅಡ್ಡನೆಯ ಹೊಕ್ಕನ್ನೂ ಕಣ್ಣಾರೆ ಕಂಡವರು ಕೆಲವರೇ ಇರಬಹುದು. ಭಯದಿಂದ ಎದೆ ಹೊಡೆದುಕೊಂಡಾಗ ‘ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಯಿತು’ ಎನ್ನುವ ಎಷ್ಟೋ ಮನೆಗಳಲ್ಲಿ ಒನಕೆಯ ಸದ್ದು ಅಡಗಿ ಬಹುಕಾಲವಾಯಿತು. ವಸ್ತು ಹೋಗಿ ಮಾತು ನಿಂತಿರುವ ಇಂತಹ ಕಡೆಗಳಲ್ಲಿ ಮಾತಿನ ಬೆನ್ನುಹಿಡಿದು ಹಿಂದಕ್ಕೆ ನಡೆದರೆ, ಚರಿತ್ರೆಯ ಗ್ರಂಥಗಳಲ್ಲಿ ಸುಲಭವಾಗಿ ದೊರೆಯದ ಜನಜೀವನದ ಚಿತ್ರವು ದೊರೆಯುವುದುಂಟು. ಆಂಗ್ಲಭಾಷೆಯ ‘ಆನ್ ಟೆಂಟರ್‌ಹುಕ್ಸ್’ ಎಂಬ ನುಡಿಗಟ್ಟು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಮೊದಲು ಇದರ ಅರ್ಥವನ್ನು ವಿಚಾರಿಸಬಹುದು. ಮುಂದೆ ಏನಾಗುವುದೋ ಎಂಬುದು ತಿಳಿಯದೆ, ತಿಳಿಯುವವರೆಗೆ ನೆಮ್ಮದಿಯೂ ಇಲ್ಲದೆ, ಮನಸ್ಸು ಬಿಗಿಯಾಗಿ ಸೆಳೆಯಲ್ಪಟ್ಟಿರುವ ಸ್ಥಿತಿಯನ್ನು ಇಂಗ್ಲಿಷರು ‘ಟೆಂಟರ್‌ಹುಕ್ಕುಗಳ ಮೇಲಿರುವುದು’ ಎನ್ನುತ್ತಾರೆ. ಪರೀಕ್ಷೆಯ ಫಲಿತಾಂಶವನ್ನು ಎದುರುನೋಡುವ ವಿದ್ಯಾರ್ಥಿ, ನ್ಯಾಯಾಧೀಶನ ತೀರ್ಪಿಗೆ ಕಾದಿರುವ ವಾದಿ, ಪ್ರಸವಗೃಹದ ಹೊರಗೆ ನಿಂತಿರುವ ತಂದೆ, ಇವರೆಲ್ಲರೂ ಆ ಸ್ಥಿತಿಯಲ್ಲಿರುವವರೇ. ಒಬ್ಬನು ಮತ್ತೊಬ್ಬನಿಗೆ ಉತ್ತರ ಕೊಡದೆ ತಡಮಾಡಿದರೆ, ಅವನನ್ನು ‘ಟೆಂಟರ್‌ಹುಕ್ಕುಗಳ ಮೇಲೆ ಇರಿಸಿದನು’ ಎಂದೂ ಹೇಳುವುದುಂಟು. ಈ ನುಡಿಗಟ್ಟಿನಲ್ಲಿ ಕೊಕ್ಕೆ ಎಂಬ ಪದವು ಯಾವಾಗಲೂ ಬಹುವಚನದಲ್ಲಿಯೇ ಬರತಕ್ಕದ್ದು. ಒಂದೇ ಕೊಕ್ಕೆಯ ಮೇಲೆ ಯಾರೂ ಇರುವುದಿಲ್ಲ. ಬರಿಯ ಸಂತೋಷದ ಉತ್ಸಾಹಕ್ಕಾಗಲಿ, ಆಗಿಹೋದ ಸಂಗತಿಯ ದುಃಖಕ್ಕಾಗಲಿ ಇದು ಸಲ್ಲುವುದಿಲ್ಲ. ಫಲವು ಇನ್ನೂ ತಿಳಿಯದಿರಬೇಕು. ಆ ಫಲವು ಕಾಯುವವನಿಗೆ ಮುಖ್ಯವಾಗಿರಬೇಕು. ಅದು ಅವನ ಕೈಯಲ್ಲಿ ಇಲ್ಲದಿರಬೇಕು. ಈ ಮೂರೂ ಕೂಡಿದಲ್ಲಿ ಮಾತ್ರ ಈ ಮಾತು ಸಾರ್ಥಕವಾಗುತ್ತದೆ. ಏಕೆ ಹೀಗೆ ಎಂಬುದಕ್ಕೆ ಉತ್ತರವು ಆ ಕೊಕ್ಕೆಯಲ್ಲಿಯೇ ಇದೆ.

ಟೆಂಟರ್‌ಹುಕ್ ಎಂದರೆ ಕಟುಕನು ಮಾಂಸವನ್ನು ತೂಗಹಾಕುವ ಕೊಕ್ಕೆಯೆಂದೂ, ಅಪರಾಧಿಗಳನ್ನು ಚಿತ್ರಹಿಂಸೆಗೆ ಗುರಿಮಾಡುವ ಯಂತ್ರದ ಭಾಗವೆಂದೂ ಊಹಿಸುವವರಿದ್ದಾರೆ. ‘ಟೆಂಟರ್’ ಎಂಬುದರ ಅರ್ಥವನ್ನರಿಯದೆ, ಕಿವಿಗೆ ಕೇಳಿಸಿದಂತೆ ‘ಟೆಂಡರ್’ ಎಂದು, ಅಂದರೆ ‘ಕೋಮಲವಾದ ಕೊಕ್ಕೆಗಳು’ ಎಂದು ಬರೆಯುವವರು ಇಂಗ್ಲಿಷರಲ್ಲಿಯೇ ಇದ್ದಾರೆ. ಇವೆಲ್ಲವೂ ತಪ್ಪು. ಟೆಂಟರ್ ಎಂದರೆ ಉಣ್ಣೆಯ ಬಟ್ಟೆಯನ್ನು ಎಳೆದು ಬಿಗಿದು ಒಣಗಿಸುವ ಮರದ ಚೌಕಟ್ಟು. ಆ ಚೌಕಟ್ಟಿಗೆ ಹೊಡೆದ ಬಾಗಿದ ಮೊಳೆಗಳೇ ಟೆಂಟರ್‌ಹುಕ್ಕುಗಳು.

ಈ ಪದದ ಮೂಲವು ‘ಎಳೆ, ಚಾಚು’ ಎಂಬ ಅರ್ಥವುಳ್ಳ ಲ್ಯಾಟಿನ್ ಭಾಷೆಯ ‘ತೆಂದೆರೆ’ ಎಂಬ ಧಾತು. ಸಂಸ್ಕೃತವನ್ನು ಬಲ್ಲವರಿಗೆ ಇಲ್ಲಿ ಒಂದು ಪರಿಚಿತವಾದ ಮುಖವು ಕಾಣಿಸುತ್ತದೆ. ಪಾಣಿನೀಯ ಧಾತುಪಾಠದ ಎಂಟನೆಯ ಗಣಕ್ಕೆ ಹೆಸರನ್ನು ಕೊಟ್ಟಿರುವ, ವಿಸ್ತರಿಸುವುದೆಂಬ ಅರ್ಥವುಳ್ಳ ‘ತನ್’ ಧಾತುವೂ ಲ್ಯಾಟಿನಿನ ಈ ಧಾತುವೂ ಒಂದೇ ಬೇರಿನಿಂದ ಬಂದ ಎರಡು ಚಿಗುರುಗಳು. ಎಳೆಯಲ್ಪಟ್ಟ ನೂಲು ‘ತಂತು’. ನೂಲನ್ನು ಎಳೆದು ಕಟ್ಟುವ ಮಗ್ಗವು ‘ತಂತ್ರ’. ಮೇಲೆ ಹರಡಿ ಕಟ್ಟಿದ ಮೇಲ್ಕಟ್ಟು ‘ವಿತಾನ’. ವಂಶವು ಮುಂದಕ್ಕೆ ಚಾಚುವುದು ‘ಸಂತಾನ’. ತೆಳ್ಳಗಿರುವುದೆಂಬ ಅರ್ಥದ ‘ತನು’ ಶಬ್ದಕ್ಕೂ ಅದೇ ಅರ್ಥದ ಇಂಗ್ಲಿಷಿನ ‘ಥಿನ್’ ಎಂಬುದಕ್ಕೂ ನಂಟು ಇದೆ. ಬಟ್ಟೆಯ ಡೇರೆಯಾದ ‘ಟೆಂಟ್’, ಮನಸ್ಸಿನ ಬಿಗುಪಾದ ‘ಟೆನ್ಷನ್’, ಮನಸ್ಸನ್ನು ಒಂದರ ಕಡೆಗೆ ಚಾಚುವುದಾದ ‘ಅಟೆನ್ಷನ್’ ಇವೂ ಅದೇ ಮನೆಯ ಮಕ್ಕಳು. 1786ನೆಯ ಇಸವಿಯ ಫೆಬ್ರವರಿಯಲ್ಲಿ ಸರ್ ವಿಲಿಯಂ ಜೋನ್ಸನು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಸಭೆಯಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳ ಏಕಮೂಲತ್ವವನ್ನು ಕುರಿತು ಹೇಳಿದ ಅಭಿಪ್ರಾಯಕ್ಕೆ ಇಂತಹ ಶಬ್ದಕುಟುಂಬಗಳೇ ಆಧಾರ. ಬಟ್ಟೆಯನ್ನು ಎಳೆಯುವ ಕೆಲಸವೂ ಮನಸ್ಸು ಎಳೆಯಲ್ಪಡುವ ಅನುಭವವೂ ಒಂದೇ ಧಾತುವಿನ ನೆರಳಿನಲ್ಲಿ ಬೆಳೆದುವೆಂಬುದನ್ನು ವಾಚಕರು ಗಮನದಲ್ಲಿಡಬೇಕು.

ಇನ್ನು ಆ ಕಸುಬಿನ ಕ್ರಮ. ಮಧ್ಯಯುಗದಿಂದ ಹದಿನೆಂಟನೆಯ ಶತಮಾನದವರೆಗೆ ಇಂಗ್ಲೆಂಡಿನ ಐಶ್ವರ್ಯಕ್ಕೆ ಉಣ್ಣೆಯೇ ಮುಖ್ಯವಾದ ಆಧಾರವಾಗಿದ್ದಿತು. ಕುರಿಯ ಉಣ್ಣೆಯನ್ನು ಕತ್ತರಿಸಿ, ಹಿಂಜಿ, ನೂತು, ನೆಯ್ದ ಮಾತ್ರಕ್ಕೆ ಬಟ್ಟೆಯು ಮಾರಾಟಕ್ಕೆ ಸಿದ್ಧವಾಗುತ್ತಿರಲಿಲ್ಲ. ಮಗ್ಗದಿಂದ ಇಳಿದ ಬಟ್ಟೆಯಲ್ಲಿ ಜಿಡ್ಡೂ ಕೊಳೆಯೂ ತುಂಬಿರುತ್ತಿದ್ದುವು, ನೆಯ್ಗೆಯೂ ಸಡಿಲವಾಗಿರುತ್ತಿದ್ದಿತು. ಅದನ್ನು ಹಳಸಿದ ಮೂತ್ರದಲ್ಲಿಯೂ, ಜಿಡ್ಡನ್ನು ಹೀರುವ ಒಂದು ಬಗೆಯ ಜೇಡಿಮಣ್ಣಿನಲ್ಲಿಯೂ ನೆನೆಸಿ, ಮೊದಲು ಕಾಲುಗಳಿಂದ ತುಳಿಯುತ್ತಿದ್ದರು. ಹನ್ನೆರಡನೆಯ ಶತಮಾನದ ವೇಳೆಗೆ ನೀರಿನ ಚಕ್ರದಿಂದ ಎದ್ದು ಬೀಳುವ ಮರದ ಸುತ್ತಿಗೆಗಳು ಈ ಕೆಲಸಕ್ಕೆ ಬಂದುವು. ಹೀಗೆ ಬಡಿಸಿಕೊಂಡ ಉಣ್ಣೆಯ ಎಳೆಗಳು ಒಂದರೊಳಗೊಂದು ಹೆಣೆದುಕೊಂಡು ಬಟ್ಟೆಯು ದಪ್ಪವೂ ಗಟ್ಟಿಯೂ ಆಗುತ್ತಿದ್ದಿತು. ಆದರೆ ಅದರೊಡನೆ ಉದ್ದಗಲಗಳೆರಡೂ ಬಹಳವಾಗಿ ಕುಗ್ಗುತ್ತಿದ್ದುವು. ಒದ್ದೆಯಾದ ಈ ಬಟ್ಟೆಯನ್ನು ಹಾಗೆಯೇ ಒಣಗಲು ಬಿಟ್ಟರೆ ಅದು ಒಂದೆಡೆ ಮುದುಡಿ ಒಂದೆಡೆ ಹಿಗ್ಗಿ ಕೆಟ್ಟುಹೋಗುತ್ತಿದ್ದಿತು.

ಇದನ್ನು ತಪ್ಪಿಸುವುದಕ್ಕಾಗಿಯೇ ಟೆಂಟರ್. ಬಯಲಿನಲ್ಲಿ ಸಾಲಾಗಿ ಕಂಬಗಳನ್ನು ನೆಟ್ಟು, ಮೇಲೊಂದು ಕೆಳಗೊಂದು ಉದ್ದನೆಯ ತೊಲೆಗಳನ್ನು ಅಳವಡಿಸುತ್ತಿದ್ದರು. ಮೇಲಿನ ತೊಲೆಯು ಸ್ಥಿರ. ಕೆಳಗಿನದನ್ನು ಬಟ್ಟೆಯ ಅಗಲಕ್ಕೆ ತಕ್ಕಂತೆ ಏರಿಸಿ ಇಳಿಸಬಹುದಾಗಿದ್ದಿತು. ಎರಡು ತೊಲೆಗಳ ಉದ್ದಕ್ಕೂ ಸ್ವಲ್ಪ ಸ್ವಲ್ಪ ಅಂತರದಲ್ಲಿ, ಎರಡು ತುದಿಗಳೂ ಚೂಪಾಗಿರುವ, ಮೂಲೆಗೋಲಿನಂತೆ ಬಾಗಿದ ಮೊಳೆಗಳನ್ನು ಹೊಡೆದಿರುತ್ತಿದ್ದರು. ಒಂದು ತುದಿಯು ಮರದಲ್ಲಿ ನೆಟ್ಟಿರುತ್ತಿತ್ತು; ಇನ್ನೊಂದು ತುದಿಗೆ ಬಟ್ಟೆಯ ಅಂಚನ್ನು ಸಿಕ್ಕಿಸುತ್ತಿದ್ದರು. ಬಳಿಕ ಕೆಳಗಿನ ತೊಲೆಯನ್ನು ತಗ್ಗಿಸಿ ಬಿಗಿಯುತ್ತಿದ್ದರು. ಬಟ್ಟೆಯು ಎಲ್ಲ ಕಡೆಗಳಿಂದಲೂ ಸಮನಾಗಿ ಎಳೆಯಲ್ಪಟ್ಟು, ಗಾಳಿಬಿಸಿಲುಗಳಲ್ಲಿ ಒಣಗಿ, ತನ್ನ ಸರಿಯಾದ ಅಗಲಕ್ಕೆ ಬರುತ್ತಿದ್ದಿತು. ಕಿತ್ತುಕೊಳ್ಳುವಂತೆಯೂ ಇಲ್ಲ, ಹರಿಯುವಂತೆಯೂ ಇಲ್ಲ, ಒಣಗುವವರೆಗೆ ಬಿಡುಗಡೆಯಂತೂ ಇಲ್ಲ. ಕೊಕ್ಕೆಗಳು ಬಹುವಚನದಲ್ಲಿಯೇ ಇರಬೇಕೆಂಬುದಕ್ಕೆ ಇದೇ ಕಾರಣ. ಒಂದೇ ಕೊಕ್ಕೆಗೆ ಸಿಕ್ಕಿದ ಬಟ್ಟೆಯು ಜೋತಾಡುತ್ತದೆಯೇ ಹೊರತು ಬಿಗಿಯುವುದಿಲ್ಲ. ಎರಡು ಕಡೆಯಿಂದ ಎಳೆದಾಗಲೇ ಬಿಗಿತ.

ಎಳೆಯುವುದಕ್ಕೆ ಒಂದು ಮಿತಿಯೂ ಇದ್ದಿತು. ಬಟ್ಟೆಯನ್ನು ಗಜದ ಲೆಕ್ಕದಲ್ಲಿ ಮಾರುತ್ತಿದ್ದುದರಿಂದ, ದುರಾಶೆಯ ವ್ಯಾಪಾರಿಗಳು ತೊಲೆಯನ್ನು ಅತಿಯಾಗಿ ಬಿಗಿದು ಬಟ್ಟೆಯನ್ನು ಸಹಜಕ್ಕಿಂತ ಹೆಚ್ಚು ಹಿಗ್ಗಿಸುತ್ತಿದ್ದರು. ಕೊಂಡವನು ಅದನ್ನು ಹೊಲಿಸಿ ತೊಟ್ಟು ಮಳೆಯಲ್ಲಿ ನೆನೆದ ದಿನ ಅಂಗಿಯು ಮೈಗೆ ಚಿಕ್ಕದಾಗುತ್ತಿದ್ದಿತು. ಈ ವಂಚನೆಯು ಎಷ್ಟು ಬೆಳೆಯಿತೆಂದರೆ, ಎಲಿಜಬೆತ್ ರಾಣಿಯ ಕಾಲದಲ್ಲಿ, 1597ರಲ್ಲಿ ಸೇರಿದ ಪಾರ್ಲಿಮೆಂಟು ಉತ್ತರದೇಶದ ಬಟ್ಟೆಯನ್ನು ಮೋಸದಿಂದ ಹಿಗ್ಗಿಸುವುದರ ವಿರುದ್ಧವಾಗಿಯೇ ಒಂದು ಶಾಸನವನ್ನು ಮಾಡಬೇಕಾಯಿತು.

ಈ ಉತ್ತರದೇಶದಲ್ಲಿ ಯಾರ್ಕ್‌ಷೈರಿನ ಹ್ಯಾಲಿಫ್ಯಾಕ್ಸ್ ಪ್ರಾಂತವು ಮುಖ್ಯವಾದುದು. ಗುಡ್ಡಗಾಡು; ಬೇಸಾಯಕ್ಕೆ ಒದಗದ ನೆಲ; ಆದರೆ ಪ್ರತಿಯೊಂದು ಇಳಿಜಾರಿನಲ್ಲಿಯೂ ಹರಿಯುವ ನೀರು. 1555ರ ಒಂದು ಶಾಸನವು ಇಲ್ಲಿಯ ಬಡ ನೇಕಾರರ ಸ್ಥಿತಿಯನ್ನು ವರ್ಣಿಸುತ್ತದೆ. ಅವರಿಗೆ ಕುದುರೆಯನ್ನು ಸಾಕುವ ಶಕ್ತಿಯಿರಲಿಲ್ಲ. ಸ್ವಲ್ಪಸ್ವಲ್ಪವಾಗಿ ಉಣ್ಣೆಯನ್ನು ಕೊಂಡು, ತಲೆಯ ಮೇಲೂ ಬೆನ್ನಿನ ಮೇಲೂ ಹೊತ್ತು ಮೈಲಿಗಟ್ಟಲೆ ನಡೆಯುತ್ತಿದ್ದರು. ಅದನ್ನು ಬಟ್ಟೆಯಾಗಿಸಿ ಮಾರಿದರೆ ಮುಂದಿನ ಉಣ್ಣೆಗೆ ಹಣ. 1724ರಿಂದ 1727ರವರೆಗೆ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಡೇನಿಯಲ್ ಡೀಫೋ ಈ ಪ್ರಾಂತವನ್ನು ವಿಸ್ತಾರವಾಗಿ ಬಣ್ಣಿಸಿದ್ದಾನೆ. ಗುಡ್ಡದ ಮೇಲೆ ನಿಂತು ನೋಡಿದರೆ ಬಹುಮಟ್ಟಿಗೆ ಪ್ರತಿ ಮನೆಯ ಬಳಿಯಲ್ಲಿಯೂ ಒಂದು ಟೆಂಟರ್, ಅದರ ಮೇಲೊಂದು ಬಟ್ಟೆ, ಬಿಸಿಲು ಬಿದ್ದೊಡನೆ ಆ ಬಟ್ಟೆಗಳೆಲ್ಲ ಬೆಳ್ಳಗೆ ಹೊಳೆಯುವ ನೋಟ, ಇವನ್ನು ಕಂಡು ಆತನು ಸಂತೋಷಪಟ್ಟನು.

ದಾರಿಹೋಕನ ಕಣ್ಣಿಗೆ ಇಷ್ಟು ಮನೋಹರವಾದ ನೋಟವು ಮನೆಯವನಿಗೆ ಚಿಂತೆಯ ಮೂಲವೂ ಆಗಿದ್ದಿತು. ಬಟ್ಟೆಯು ರಾತ್ರಿಯೂ ಬಯಲಿನಲ್ಲಿಯೇ ಇರಬೇಕು. ಅದಕ್ಕೆ ಬಾಗಿಲಿಲ್ಲ, ಬೀಗವಿಲ್ಲ. ಮಳೆ ಬಂದರೆ ಒಣಗುವುದು ತಡ. ಬಿರುಗಾಳಿ ಬಂದರೆ ಅಂಚು ಹರಿಯುವ ಭಯ. ಕಳ್ಳನು ಬಂದರೆ ಇಡೀ ಸಂಸಾರದ ಬಂಡವಾಳವೇ ನಷ್ಟ. ಹೆಂಡತಿಯೂ ಮಕ್ಕಳೂ ನೂತು ಗಂಡನು ನೆಯ್ದ ಶ್ರಮವೆಲ್ಲವೂ ಆ ಕೊಕ್ಕೆಗಳ ಮೇಲೆ ತೂಗುತ್ತಿದ್ದಿತು. ಬಟ್ಟೆಯು ಒಣಗಿ ಒಳಗೆ ಬರುವವರೆಗೆ ಯಜಮಾನನೂ ಟೆಂಟರಿನ ಮೇಲೆಯೇ ಇದ್ದನೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಈ ಭಯದಿಂದಲೇ ಹ್ಯಾಲಿಫ್ಯಾಕ್ಸಿನಲ್ಲಿ ಒಂದು ಕಠಿನವಾದ ಪದ್ಧತಿಯು ಉಳಿದುಬಂದಿದ್ದಿತೆಂದು ಬಹುಕಾಲ ಜನರು ನಂಬಿದ್ದರು. ಹದಿಮೂರೂವರೆ ಪೆನ್ನಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಬಾಳುವ ವಸ್ತುವನ್ನು ಕದ್ದು, ಮಾಲಿನೊಡನೆ ಸಿಕ್ಕಿಬಿದ್ದವನನ್ನಾಗಲಿ ತಾನೇ ಒಪ್ಪಿಕೊಂಡವನನ್ನಾಗಲಿ ಸ್ಥಳೀಯ ಪಂಚರು ವಿಚಾರಿಸಿ ಶಿರಶ್ಛೇದಕ್ಕೆ ಗುರಿಪಡಿಸಬಹುದಾಗಿದ್ದಿತು. ಅದಕ್ಕೆಂದು ಊರಿನಲ್ಲಿ ಒಂದು ಯಂತ್ರವೇ ಇದ್ದಿತು. ಎರಡು ಎತ್ತರವಾದ ಕಂಬಗಳು. ಅವುಗಳ ನಡುವೆ ಜಾರಿ ಬೀಳುವ ಮರದ ದಿಮ್ಮಿ. ಅದರ ಅಡಿಯಲ್ಲಿ ಕೊಡಲಿಯ ಅಲಗು. ಫ್ರಾನ್ಸಿನಲ್ಲಿ 1792ರಲ್ಲಿ ಬಳಕೆಗೆ ಬಂದ ಗಿಲೊಟಿನ್ ಯಂತ್ರಕ್ಕಿಂತ ಇದು ಶತಮಾನಗಳಷ್ಟು ಹಳೆಯದು. ಶಿಕ್ಷೆಯು ಸಂತೆಯ ದಿನ, ಸಂತೆಗೆ ಬಂದವರೆಲ್ಲರ ಕಣ್ಣೆದುರಿಗೆ ನಡೆಯುತ್ತಿದ್ದಿತು. 1541ರಿಂದ ಮುಂದಿನ ನೂರು ವರ್ಷಗಳ ದಾಖಲೆಗಳಲ್ಲಿ ಹೀಗೆ ತಲೆ ಕಳೆದುಕೊಂಡ ಐವತ್ತರಷ್ಟು ಜನರ ಉಲ್ಲೇಖವಿದೆ.

ಅವರಲ್ಲಿ ಕೊನೆಯವರು ಅಬ್ರಹಾಂ ವಿಲ್ಕಿನ್ಸನ್ ಮತ್ತು ಆಂಟನಿ ಮಿಚೆಲ್. 1650ರ ಏಪ್ರಿಲಿನಲ್ಲಿ ಇವರು ಒಬ್ಬ ಬಟ್ಟೆಗಾರನ ಟೆಂಟರಿನ ಮೇಲಿದ್ದ ಕೆಂಗಂದು ಬಣ್ಣದ ಹದಿನಾರು ಗಜ ಕರ್ಸಿ ಬಟ್ಟೆಯನ್ನೂ, ಬೇರೆಡೆಯಿಂದ ಎರಡು ಕುದುರೆಗಳನ್ನೂ ಕದ್ದರೆಂದು ಆಪಾದನೆ ಬಂದಿತು. ಪಂಚರ ಮುಂದೆ ಹಾಜರಾದ ಬಟ್ಟೆಯು ಒಂಬತ್ತು ಗಜ. ಅದರ ಬೆಲೆಯನ್ನು ಒಂಬತ್ತು ಷಿಲ್ಲಿಂಗು ಎಂದು ಕಟ್ಟಿದರು. ಒಂದು ಷಿಲ್ಲಿಂಗಿಗೆ ಹನ್ನೆರಡು ಪೆನ್ನಿಯಂತೆ 108 ಪೆನ್ನಿ, ಅಂದರೆ ನಿಯಮದ ಮಿತಿಯ ಎಂಟರಷ್ಟು. ಏಪ್ರಿಲ್ 30ರಂದು ಇಬ್ಬರ ತಲೆಗಳನ್ನೂ ತೆಗೆಯಲಾಯಿತು. ಆ ಬಳಿಕ ಆ ಯಂತ್ರವನ್ನು ಯಾರೂ ಬಳಸಲಿಲ್ಲ. ಅದರ ಅಲಗು ಇಂದು ಹ್ಯಾಲಿಫ್ಯಾಕ್ಸಿನ ವಸ್ತುಸಂಗ್ರಹಾಲಯದಲ್ಲಿದೆ. ಅದು ನಿಂತಿದ್ದ ಸ್ಥಳದಲ್ಲಿ 1974ರಲ್ಲಿ ಅದರ ಪ್ರತಿರೂಪವನ್ನು ಸ್ಥಾಪಿಸಲಾಗಿದೆ.

ಸ್ಥಳೀಯ ಪದ್ಧತಿಯು ಅಳಿದರೂ ದೇಶದ ಶಾಸನವು ಮೃದುವಾಗಲಿಲ್ಲ. ಆ ಕಾಲದ ಇಂಗ್ಲೆಂಡಿನಲ್ಲಿ ಮೊದಲ ಸಲ ಅಪರಾಧಮಾಡಿದವನು ಬೈಬಲ್ಲಿನ ಒಂದು ವಾಕ್ಯವನ್ನು ಓದಿ ತೋರಿಸಿದರೆ, ಪಾದ್ರಿಗಳಿಗೆ ಸಲ್ಲುವ ವಿನಾಯಿತಿಯನ್ನು ಪಡೆದು ಗಲ್ಲಿನಿಂದ ಪಾರಾಗುವ ಒಂದು ವಿಚಿತ್ರವಾದ ಅವಕಾಶವಿದ್ದಿತು. ಅಕ್ಷರಜ್ಞಾನವು ಅಕ್ಷರಶಃ ಪ್ರಾಣವನ್ನು ಉಳಿಸುತ್ತಿದ್ದಿತು. 1670ರ ಶಾಸನವು, ರಾತ್ರಿಯಲ್ಲಿ ಟೆಂಟರಿನಿಂದ ಬಟ್ಟೆಯನ್ನು ಕದ್ದವರಿಗೆ ಈ ವಿನಾಯಿತಿಯು ಸಲ್ಲದೆಂದು ವಿಧಿಸಿತು.

ಈ ಕಾಠಿನ್ಯವು ಫಲಿಸಿತೇ ಎಂಬ ಪ್ರಶ್ನೆಗೆ ಉತ್ತರವನ್ನು ಕೊಟ್ಟವರು ಬಟ್ಟೆಯ ಉದ್ಯಮಿಗಳೇ. ನಾರುಬಟ್ಟೆ, ಹತ್ತಿಬಟ್ಟೆಗಳನ್ನು ಬಿಳುಪುಗೊಳಿಸಲು ಹಾಸುತ್ತಿದ್ದ ಬಯಲುಗಳಲ್ಲಿ ನಡೆಯುವ ಕಳವಿಗೂ ಮರಣದಂಡನೆಯೇ ಇದ್ದಿತು. ಒಂದು ತುಂಡು ಬಟ್ಟೆಗಾಗಿ ಒಬ್ಬನ ಪ್ರಾಣವನ್ನು ತೆಗೆಯಲು ಪಂಚರ ಮನಸ್ಸು ಒಪ್ಪದೆ ಕಳ್ಳರನ್ನು ಬಿಟ್ಟುಬಿಡುತ್ತಿದ್ದರು. ಆದಕಾರಣ ಆ ಬಯಲುಗಳ ಒಡೆಯರೇ, ಶಿಕ್ಷೆಯನ್ನು ಇಳಿಸಿ ಅದನ್ನು ನಿಶ್ಚಿತಗೊಳಿಸಬೇಕೆಂದು ಪಾರ್ಲಿಮೆಂಟಿಗೆ ಅರ್ಜಿಮಾಡಿಕೊಂಡರು. ಸರ್ ಸ್ಯಾಮ್ಯುಯೆಲ್ ರೊಮಿಲಿಯ ಪ್ರಯತ್ನದಿಂದ 1811ರಲ್ಲಿ ಆ ದಂಡನೆಯು ರದ್ದಾಯಿತು. ಇಂಗ್ಲೆಂಡಿನ ದಂಡಶಾಸನವು ಮುಂದಿನ ದಶಕಗಳಲ್ಲಿ ಮನುಷ್ಯತ್ವದ ಕಡೆಗೆ ತಿರುಗಿದುದರಲ್ಲಿ ಇದು ಮೊದಲ ಹೆಜ್ಜೆಗಳಲ್ಲಿ ಒಂದು.

ಕಸುಬಿನ ಮಾತು ಮನಸ್ಸಿನ ಮಾತಾದುದು ಈ ಕಾಲದಲ್ಲಿಯೇ. 1633ರಲ್ಲಿ ಅಚ್ಚಾದ ಜಾನ್ ಫೋರ್ಡನ ‘ದಿ ಬ್ರೋಕನ್ ಹಾರ್ಟ್’ ಎಂಬ ನಾಟಕದಲ್ಲಿ, ಎದೆಯ ಬಿಗುಪನ್ನು ಹೇಳುವುದಕ್ಕೆ ಟೆಂಟರಿನ ರೂಪಕವು ಬಂದಿದೆ. ರಂಗದ ಮೇಲೆ ಪ್ರೇಮವ್ಯಥೆಗೆ ಈ ಉಪಮಾನವು ಬಳಕೆಯಾದ ಹದಿನೇಳು ವರ್ಷಗಳ ತರುವಾಯ, ಹ್ಯಾಲಿಫ್ಯಾಕ್ಸಿನ ಸಂತೆಯಲ್ಲಿ ನಿಜವಾದ ಟೆಂಟರಿನ ಬಟ್ಟೆಗಾಗಿ ನಿಜವಾದ ತಲೆಗಳು ಉರುಳಿದುವು. ಮೊದಮೊದಲು ‘ಟೆಂಟರಿನ ಮೇಲೆ’ ಎಂದಷ್ಟೇ ಹೇಳುವುದು ರೂಢಿಯಾಗಿದ್ದಿತು. ಕೊಕ್ಕೆಗಳನ್ನು ಸೇರಿಸಿಕೊಂಡ ಇಂದಿನ ರೂಪವು 1748ರಲ್ಲಿ ಪ್ರಕಟವಾದ ಟೋಬಿಯಾಸ್ ಸ್ಮಾಲೆಟ್ಟನ ‘ರಾಡರಿಕ್ ರ‍್ಯಾಂಡಮ್’ ಎಂಬ ಕಾದಂಬರಿಯಲ್ಲಿ ದೊರೆಯುತ್ತದೆ. ಆ ಕಾಲದ ವಾಚಕನು ಊರ ಹೊರಗೆ ನಡೆದರೆ ಟೆಂಟರ್ ಕಾಣುತ್ತಿದ್ದುದರಿಂದ, ಈ ಉಪಮಾನಕ್ಕೆ ವ್ಯಾಖ್ಯಾನವು ಬೇಕಾಗಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಉಗಿಯ ಯಂತ್ರಗಳು ಬಂದು, ಒಣಗಿಸುವ ಕೆಲಸವು ಬಯಲಿನಿಂದ ಕಾರ್ಖಾನೆಯ ಒಳಕ್ಕೆ ಸೇರಿತು. ಗುಡ್ಡಗಳ ಮೇಲಿನ ಬೆಳ್ಳನೆಯ ಸಾಲುಗಳು ಮಾಯವಾದುವು. ಹೆಸರುಗಳು ಮಾತ್ರ ಅಲ್ಲಲ್ಲಿ ನಿಂತಿವೆ. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸಿನಲ್ಲಿ ‘ಟೆಂಟರ್ ಗ್ರೌಂಡ್’ ಎಂಬ ಬೀದಿಯು ಇಂದಿಗೂ ಇದೆ. ಆದರೆ ಹೆಸರಿನ ಹೋಲಿಕೆಯನ್ನು ಕಂಡ ಕಡೆಯಲ್ಲೆಲ್ಲ ಬಟ್ಟೆಯ ಚೌಕಟ್ಟನ್ನು ಹುಡುಕಲಾಗದು. ಕೆಂಟ್ ಪ್ರಾಂತದ ‘ಟೆಂಟರ್ಡನ್’ ಎಂಬ ಊರು ಉಣ್ಣೆಯ ವ್ಯಾಪಾರಕ್ಕೆ ಹೆಸರಾಗಿದ್ದರೂ, ಅದರ ಹೆಸರು ಥ್ಯಾನೆಟ್ ಎಂಬ ಸೀಮೆಯ ಜನರ ಹುಲ್ಲುಗಾವಲು ಎಂಬರ್ಥದಿಂದ ಬಂದುದು. ಇನ್ನು, ಬಟ್ಟೆಯ ಎರಡು ಅಂಚುಗಳನ್ನೂ ಸೂಜಿಗಳಿಂದ ಅಥವಾ ಚಿಮಟಗಳಿಂದ ಹಿಡಿದು, ಚಲಿಸುವ ಸರಪಳಿಗಳ ಮೇಲೆ ಬಿಸಿಗಾಳಿಯ ಮೂಲಕ ಸಾಗಿಸುವ ಯಂತ್ರಕ್ಕೆ ಭಾರತದ ಬಟ್ಟೆಯ ಗಿರಣಿಗಳಲ್ಲಿಯೂ ‘ಸ್ಟೆಂಟರ್’ ಎಂದು ಹೆಸರು. ಅಲ್ಲಿ ದುಡಿಯುವ ಕಾರ್ಮಿಕನ ಬಾಯಲ್ಲಿ ‘ತನ್’ ಧಾತುವಿನ ದೂರದ ನಂಟನೊಬ್ಬನು, ಯೂರೋಪನ್ನು ಸುತ್ತಿಕೊಂಡು ಬಂದು, ತಂತುವಿನ ದೇಶಕ್ಕೆ ಮರಳಿ ಸೇರಿದಂತಾಗಿದೆ.

ಕೊನೆಯದಾಗಿ ಭಾಷಾಂತರಕಾರರಿಗೆ ಸಂಬಂಧಿಸಿದ ಒಂದು ವಿಚಾರ. ಈ ನುಡಿಗಟ್ಟನ್ನು ಪದಕ್ಕೆ ಪದವಿಟ್ಟು ‘ಕೊಕ್ಕೆಗಳ ಮೇಲಿದ್ದನು’ ಎಂದು ಬರೆದರೆ ಕನ್ನಡದ ಓದುಗನಿಗೆ ಏನೂ ತಿಳಿಯದು. ‘ತುದಿಗಾಲಲ್ಲಿ ನಿಂತಿದ್ದನು’ ಎಂದರೆ ಆತುರವು ಬರುತ್ತದೆ, ಆತಂಕವು ಬರುವುದಿಲ್ಲ. ‘ಚಾತಕಪಕ್ಷಿಯಂತೆ ಕಾದನು’ ಎಂದರೆ ಹಂಬಲವು ಬರುತ್ತದೆ, ಕೇಡಿನ ಶಂಕೆಯು ಬರುವುದಿಲ್ಲ. ‘ತ್ರಿಶಂಕುವಿನ ಸ್ಥಿತಿ’ ಎಂದರೆ ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ ಎಂಬುದು ನಿತ್ಯವಾಗಿಬಿಡುತ್ತದೆ. ಟೆಂಟರಿನ ಬಟ್ಟೆಗಾದರೋ ಬಿಡುಗಡೆಯ ಗಳಿಗೆಯೊಂದು ಉಂಟು. ‘ಮುಳ್ಳಿನ ಮೇಲೆ ಕುಳಿತಂತಿದ್ದನು’ ಎಂಬುದೇ ಇವುಗಳಲ್ಲಿ ಹತ್ತಿರವಾದುದು. ಫಲಾಫಲಗಳೆರಡರ ಎಳೆತವೂ ತೋರಬೇಕಾದಲ್ಲಿ ‘ಉಸಿರು ಬಿಗಿಹಿಡಿದು ಕಾದಿದ್ದನು’ ಎಂಬುದೂ ಒಪ್ಪುತ್ತದೆ. ಸಂದರ್ಭವನ್ನು ನೋಡಿ ಆರಿಸಿಕೊಳ್ಳುವುದು ಭಾಷಾಂತರಕಾರನ ವಿವೇಕಕ್ಕೆ ಸೇರಿದುದು. ಹಾಗೆ ಆರಿಸುವಾಗ, ಹಗುರವಾಗಿ ಕಾಣುವ ಈ ಮಾತಿನ ಹಿಂದೆ ಒದ್ದೆಯ ಬಟ್ಟೆಯನ್ನು ರಾತ್ರಿಯ ಬಯಲಿನಲ್ಲಿ ಬಿಟ್ಟು ನಿದ್ರೆಗೆಟ್ಟ ಬಡ ನೇಕಾರನೂ, ಅದೇ ಬಟ್ಟೆಗಾಗಿ ಸಂತೆಯ ಬೀದಿಯಲ್ಲಿ ತಲೆಯೊಪ್ಪಿಸಿದ ಕಳ್ಳನೂ ನಿಂತಿದ್ದಾರೆಂಬುದು ನೆನಪಿಗೆ ಬಂದರೆ, ಶಬ್ದದ ತೂಕವು ತಾನಾಗಿಯೇ ತಿಳಿದುಬರುವುದು.